ಕೊನೆಯ ಪುಟದ ಖಾಲಿ ಗುಳ್ಳೆ

ಕಾಮಿಕ್ಸ್ ಓದುವವರು ಏನೇನನ್ನೋ ನೋಡುತ್ತಾರೆ. ನಾಯಕನ ತೋಳು ನೋಡುತ್ತಾರೆ, ಖಳನ ಮೂಗು ನೋಡುತ್ತಾರೆ, ಬಣ್ಣ ಗೆರೆ ದಾಟಿ ಚೆಲ್ಲಿದ್ದರೆ ಅದನ್ನೂ ನೋಡಿ ಲೊಚಗುಟ್ಟುತ್ತಾರೆ. ಆದರೆ ಆ ನಾಯಕನ ಬಾಯಿಂದ ಹೊರಟ ಗುಳ್ಳೆಯೊಳಗೆ ಮಾತು ಇರುತ್ತದಲ್ಲ, ಅದನ್ನು ಯಾರೋ ಒಬ್ಬರು ಕೂತು, ಬೆನ್ನು ಬಗ್ಗಿಸಿ, ಒಂದೊಂದೇ ಅಕ್ಷರವಾಗಿ ಕೈಯಲ್ಲಿ ಬರೆದಿದ್ದಾರೆ ಅನ್ನುವುದು ಮಾತ್ರ ಒಬ್ಬರ ತಲೆಗೂ ಹೋಗುವುದಿಲ್ಲ. ಮಾತು ತಾನಾಗಿಯೇ ಅಲ್ಲಿ ಮೊಳೆಯಿತು ಅಂದುಕೊಂಡಿರುತ್ತಾರೋ ಏನೋ! ಬರೆದವಳು ನಾನು. ಹದಿನೇಳು ವರ್ಷ ಬರೆದೆ. ಅದರಲ್ಲಿ ‘ಮಿಂಚುಳ್ಳಿ’ಯ ನೂರ ಹನ್ನೆರಡು ಸಂಚಿಕೆಗಳೂ ಸೇರಿವೆ. ಒಂದರಲ್ಲೂ ನನ್ನ ಹೆಸರಿಲ್ಲ. ಕಥೆಗಾರರ ಹೆಸರಿದೆ, ಚಿತ್ರ ಬರೆದವರ ಹೆಸರಿದೆ, ಅಚ್ಚು ಹಾಕಿದ ಪ್ರೆಸ್ಸಿನ ವಿಳಾಸ ಕೂಡ ಇದೆ.

ಈಗ ನನಗೆ ಅರವತ್ತೇಳು. ಒಂದು ಕೋಣೆ, ಒಂದು ಅಡುಗೆಮನೆ, ಎರಡಕ್ಕೂ ಸೇರಿ ಒಂದು ಕಿಟಕಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಪುರುಸೊತ್ತಿರಲಿಲ್ಲ ಅನ್ನುತ್ತೇನೆ, ಅರ್ಧ ನಿಜ. ಅಕ್ಕನ ಮಗಳು ತಿಂಗಳಿಗೆ ಎರಡು ಸಲ ಫೋನ್ ಮಾಡುತ್ತಾಳೆ. “ಚಿಕ್ಕಮ್ಮಾ, ಊಟ ಆಯ್ತಾ? ಮಾತ್ರೆ ತಗೊಂಡ್ಯಾ? ಸರಿ ಇಡ್ಲಾ?” ಅಷ್ಟೇ. ಒಳ್ಳೆಯ ಹುಡುಗಿ, ದೂರುವಂತಿಲ್ಲ. ಆದರೆ ಒಮ್ಮೊಮ್ಮೆ ಸೋಮವಾರದಿಂದ ಶನಿವಾರದವರೆಗೆ ನಾನು ಆಡಿದ ಮಾತನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಗುಳ್ಳೆಯೂ ತುಂಬುತ್ತಿರಲಿಲ್ಲ. ಹಾಲಿನವನಿಗೆ “ಅರ್ಧ ಸಾಕು” ಅನ್ನುವುದೂ ಒಂದು ಮಾತೇ?

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಹಳೇ ಪುಸ್ತಕದ ಅಂಗಡಿಯೊಂದರ ಗಾಜಿನ ಹಿಂದೆ ‘ಮಿಂಚುಳ್ಳಿ’ಯ ನಲವತ್ತನೇ ಸಂಚಿಕೆ ಕಂಡಿತು. ನನ್ನ ಅಕ್ಷರ! ಎಷ್ಟೋ ವರ್ಷದ ಮೇಲೆ ರಸ್ತೆಯಲ್ಲಿ ಗುರುತಿನವರು ಸಿಕ್ಕ ಹಾಗಾಗಿ ಕಾಲು ತಾನಾಗಿಯೇ ಒಳಗೆ ಹೋಯಿತು. ಹಿಂದಿನ ಕೋಣೆಯಿಂದ ಜಗಳದ ಸದ್ದು ಬರುತ್ತಿತ್ತು. ಇಣುಕಿದೆ. ಪುಸ್ತಕದ ಡಬ್ಬಗಳ ನಡುವೆ ಮೂವರು ಗಂಡಸರು ಕೂತಿದ್ದರು. ಮಿಂಚುಳ್ಳಿ ಗಡಿಯಾರದ ಗೋಪುರದಿಂದ ಹಾರುವಾಗ ಎಡಗಾಲು ಮುಂದಿತ್ತೋ ಬಲಗಾಲು ಮುಂದಿತ್ತೋ ಎಂದು ಕೊರಳ ನರ ಉಬ್ಬಿಸಿಕೊಂಡು ವಾದ ಮಾಡುತ್ತಿದ್ದರು.

“ಬಲಗಾಲು,” ಎಂದೆ ಬಾಗಿಲಲ್ಲೇ ನಿಂತು. “ಅರವತ್ತೊಂದನೇ ಸಂಚಿಕೆಯಲ್ಲಿ ಮಾತ್ರ ಎಡಗಾಲು.”

ಮೂವರೂ ತಿರುಗಿ ನೋಡಿದರು. ಒಬ್ಬ ಎದ್ದು ತನ್ನ ಕುರ್ಚಿ ಕೊಟ್ಟ. ಅವತ್ತಿನಿಂದ ಆ ಕುರ್ಚಿ ನನ್ನದಾಯಿತು.

ಕುರ್ಚಿ ಕೊಟ್ಟವನು ಕಂಡಕ್ಟರ್. ಬಸ್ಸಿನ ಕಂಡಕ್ಟರೇ. ನಲವತ್ತಮೂರರ ಆಸುಪಾಸು, ಮಾತು ಕಮ್ಮಿ, ಕೈಯಲ್ಲಿ ಯಾವಾಗಲೂ ಒಂದು ದಪ್ಪ ನೋಟ್‌ಬುಕ್ಕು. ನೂರ ಹನ್ನೆರಡೂ ಸಂಚಿಕೆಗಳ ಬಗ್ಗೆ ಒಂದು ಸೂಚಿ ಬರೆಯುತ್ತಿದ್ದ: ಯಾವುದರಲ್ಲಿ ಯಾರ ಕಥೆ, ಯಾರ ಚಿತ್ರ, ಯಾರ ಬಣ್ಣ, ಎಲ್ಲಿ ಏನು ತಪ್ಪು. ಅದನ್ನು ಪುಸ್ತಕ ಮಾಡಿಸುವುದು ಅವನ ಕನಸು. ಎರಡನೆಯವರು ಹಲ್ಲಿನ ಡಾಕ್ಟರು. ಸಂಚಿಕೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಗಾಳಿಯಾಡದಂತೆ ಮುಚ್ಚಿಟ್ಟು, ಓದದೆಯೇ ಪ್ರೀತಿಸುವ ಆಸಾಮಿ. ಐವತ್ತು ದಾಟಿದ್ದರೂ ನನ್ನನ್ನು ‘ಆಂಟಿ’ ಅನ್ನುತ್ತಿದ್ದರು, ಕೇಳಿದಾಗಲೆಲ್ಲ ಮೈಯುರಿಯುತ್ತಿತ್ತು. ಮೂರನೆಯವರು ಅಂಗಡಿಯವರು. ಪ್ರತಿಯೊಂದಕ್ಕೂ ಒಂದು ಸಿದ್ಧಾಂತ ಕಟ್ಟುವವರು. ಮಿಂಚುಳ್ಳಿಯ ಬೂಟಿಗೆ ಲೇಸಿಲ್ಲದಿರುವುದಕ್ಕೂ ಒಂದು ಸಿದ್ಧಾಂತ ಇತ್ತು. ನಿಜವೇನೆಂದರೆ ನಮ್ಮ ಗಡ್ಡದವರಿಗೆ, ಅಂದರೆ ಚಿತ್ರ ಬರೆಯುತ್ತಿದ್ದವರಿಗೆ, ಲೇಸು ಬರೆಯಲು ಸೋಮಾರಿತನ.

ನೀವು ಏನಾಗಿದ್ರಿ ಅಂತ ಕೇಳಿದರು. ಟೈಪಿಸ್ಟ್ ಆಗಿದ್ದೆ ಅಂದುಬಿಟ್ಟೆ. ಯಾಕೆ ಹಾಗಂದೆನೋ! ಜಂಬ ಅಂತಲೇ ಇಟ್ಟುಕೊಳ್ಳಿ. ಇಷ್ಟು ಕೆದಕುವ ಜನ, ಅಕ್ಷರದ ಬಗ್ಗೆ ಒಂದು ದಿನ ತಾವೇ ಮಾತೆತ್ತುತ್ತಾರೆ, ಆಗ ಮೆಲ್ಲಗೆ “ಅದು ನಾನೇ” ಅನ್ನೋಣ ಅಂತ ಒಳಗೊಳಗೇ ಆಸೆ. ವಾರಗಳು ಕಳೆದವು. ಕಥೆಯ ಬಗ್ಗೆ ಮಾತಾಯಿತು, ಬಣ್ಣದ ಬಗ್ಗೆ ಆಯಿತು. ಕಾಗದ ಯಾವ ವರ್ಷ ತೆಳುವಾಯಿತು, ಯಾವ ಮಾಲೀಕ ಪುಟ ಕತ್ತರಿಸಿದ, ಕಂಪ್ಯೂಟರ್ ಬಂದು ಎಷ್ಟು ಜನರ ಕೆಲಸ ತಿಂದಿತು, ಎಲ್ಲ ಆಯಿತು. ಒಂದು ಭಾನುವಾರವಿಡೀ ಪುಸ್ತಕಕ್ಕೆ ಹೊಡೆದ ಪಿನ್ನಿನ ಬಗ್ಗೆ ಚರ್ಚೆ ನಡೆಯಿತು. ಪಿನ್ನು ಹೊಡೆದವನಿಗೂ ಬಂತು ಯೋಗ, ನನಗೆ ಬರಲಿಲ್ಲ.

ಆದರೂ ಹೋಗುತ್ತಿದ್ದೆ. ಶನಿವಾರ ರಾತ್ರಿಯೇ ಸೀರೆ ತೆಗೆದಿಡುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮೂರು ಗಂಟೆಗೋಸ್ಕರ ಉಳಿದ ಆರು ದಿನ ಬದುಕುತ್ತಿದ್ದೆ.

ಅವರ ನಡುವೆ ಒಂದು ರೂಢಿ ಇತ್ತು. ಮಿಂಚುಳ್ಳಿಯ ಕೊನೆಯ ಸಂಚಿಕೆಯ ಕೊನೆಯ ಪುಟದಲ್ಲಿ ಒಂದೇ ದೊಡ್ಡ ಚಿತ್ರ ಇದೆ. ಮಿಂಚುಳ್ಳಿ ಊರಿನ ನೀರಿನ ಟ್ಯಾಂಕಿನ ಮೇಲೆ ನಿಂತಿದ್ದಾನೆ. ಮೊದಲ ಸಲ ಮುಖವಾಡ ತೆಗೆದಿದ್ದಾನೆ. ಬಾಯಿ ತೆರೆದಿದ್ದಾನೆ. ಬಾಯಿಂದ ಒಂದು ಗುಳ್ಳೆ ಹೊರಟಿದೆ. ಗುಳ್ಳೆ ಖಾಲಿ. ಅದರ ನಂತರ ಸಂಚಿಕೆಯೇ ಬರಲಿಲ್ಲ, ಕಂಪನಿ ಮುಚ್ಚಿತು. ಮೂವತ್ತು ವರ್ಷದಿಂದ ಅಭಿಮಾನಿಗಳು ಆ ಖಾಲಿ ಗುಳ್ಳೆಯನ್ನು ದೇವರ ಪಟದ ಹಾಗೆ ನೋಡುತ್ತಿದ್ದಾರೆ. ಪ್ರತಿ ಭಾನುವಾರ ಏಳುವ ಮುಂಚೆ ಎಲ್ಲರೂ ಒಂದೊಂದು ವಾಕ್ಯ ಹೇಳಬೇಕು: ಅವತ್ತು ಮಿಂಚುಳ್ಳಿ ಏನು ಹೇಳುತ್ತಿದ್ದ? ಇದಕ್ಕೆ ಗುಳ್ಳೆ ತುಂಬಿಸುವುದು ಅಂತ ಹೆಸರು. ಡಾಕ್ಟರು ಒಂದು ಸಲ “ನಾನೂ ನಿಮ್ಮಂಥವನೇ” ಅಂತ ತುಂಬಿಸಿ ತಾವೇ ಕಣ್ಣೊರೆಸಿಕೊಂಡರು. ನನ್ನ ಸರದಿ ಬಂದಾಗ “ನಂದೇನಿಲ್ಲಪ್ಪ, ಮುಂದೆ ಹೋಗಿ” ಅನ್ನುತ್ತಿದ್ದೆ.

ಏನು ಹೇಳಲಿ? ಅದು ಮರೆತುಹೋದದ್ದು. ನಾನೇ ಮರೆತದ್ದು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು: ಮೊದಲು ಮಾತು, ಆಮೇಲೆ ಗುಳ್ಳೆ. ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದುಕೊಂಡು, ನಿಬ್ಬಿನಲ್ಲಿ ಅಕ್ಷರ ಬರೆದು, ಮಸಿ ಒಣಗಿದ ಮೇಲೆ ಅದರ ಸುತ್ತ ಗುಳ್ಳೆ ಸುತ್ತಬೇಕು. ಹಾಗೆ ಮಾಡಿದರೆ ಖಾಲಿ ಗುಳ್ಳೆ ಉಳಿಯುವ ಪ್ರಶ್ನೆಯೇ ಇಲ್ಲ. ಕಂಪನಿಯ ಕೊನೆಯ ದಿನ ಆಫೀಸಿನಲ್ಲಿ ಅರ್ಧದಷ್ಟು ಮೇಜುಗಳು ಆಗಲೇ ಖಾಲಿಯಾಗಿದ್ದವು. ಅಚ್ಚಿಗೆ ಹೋಗುವ ಮುಂಚೆ ಪುಟ ಓದಿ ತಪ್ಪು ಹಿಡಿಯುತ್ತಿದ್ದ ಮುದುಕರನ್ನು ಹಿಂದಿನ ವಾರವೇ ಮನೆಗೆ ಕಳಿಸಿದ್ದರು. ಐದು ನಲವತ್ತರ ಬಸ್ಸು ತಪ್ಪಿದರೆ ಮುಂದಿನದು ಏಳೂಕಾಲಿಗೆ. ಅಷ್ಟು ಹೊತ್ತೂ ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನು ಬೈಯುತ್ತಿರುತ್ತಾಳೆ. ಬೇಗ ಮುಗಿಯಲಿ ಅಂತ ಅವತ್ತು ಗುಳ್ಳೆಗಳನ್ನೆಲ್ಲ ಮೊದಲೇ ಸುತ್ತಿಬಿಟ್ಟೆ, ಆಮೇಲೆ ಒಂದೊಂದಾಗಿ ಮಾತು ತುಂಬಿಸುತ್ತಾ ಬಂದೆ. ಪ್ರೆಸ್ಸಿನವನು ತಲೆಯ ಮೇಲೆ ನಿಂತಿದ್ದ. ಹಾಳೆಗಳನ್ನು ಒಟ್ಟು ಮಾಡಿ ಅವನ ಕೈಗಿತ್ತು ಮೆಟ್ಟಿಲಿಳಿದೆ. ಬಸ್ಸು ಸಿಕ್ಕಿತು. ಕೂರಲು ಜಾಗವೂ ಸಿಕ್ಕಿತು. ಕೊನೆಯ ಗುಳ್ಳೆಯಲ್ಲಿ ಬರೆಯಬೇಕಾಗಿದ್ದ ಮಾತು ಯಾವುದೆಂದು ಈಗ ನನಗೆ ನೆನಪು ಕೂಡ ಇಲ್ಲ.

ಇದನ್ನು ಇವರಿಗೆ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಳಿದ್ದರೆ ಏನಾಗುತ್ತಿತ್ತು ಅಂತ ನಾನು ಕಣ್ಣಾರೆ ನೋಡಿದ್ದೆ. ಒಂದು ಭಾನುವಾರ ಯಾರೋ ವಿಮೆ ಏಜೆಂಟರು ಹೊಸದಾಗಿ ಬಂದಿದ್ದರು. ಪಾಪ, ಮಿಂಚುಳ್ಳಿಯನ್ನು ಓದಿ ಬೆಳೆದವರೇ. ಗುಳ್ಳೆ ತುಂಬಿಸುವ ಹೊತ್ತಿಗೆ ನಕ್ಕು, “ಅಯ್ಯೋ, ಬರೆಯೋದು ಮರೆತಿರ್ತಾರೆ ಬಿಡ್ರೀ. ಅದಕ್ಕಿಷ್ಟೆಲ್ಲಾನಾ?” ಅಂದರು. ಕೋಣೆ ತಣ್ಣಗಾಯಿತು. ಯಾರೂ ಬೈಯಲಿಲ್ಲ, ಹೋಗು ಅನ್ನಲಿಲ್ಲ. ಆದರೆ ಆಮೇಲೆ ಅವರ ಜೊತೆ ಒಬ್ಬರೂ ಮಾತಾಡಲಿಲ್ಲ. ಅವರು ಟೀ ಲೋಟ ಕೆಳಗಿಟ್ಟು ಎದ್ದು ಹೋದರು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ನಾನು ಅವತ್ತು ತೀರ್ಮಾನ ಮಾಡಿದೆ, ಈ ಬಾಯಿಗೆ ಬೀಗ.

ಕೊನೆಯ ಸಂಚಿಕೆ ಹೆಚ್ಚು ಅಚ್ಚಾಗಿರಲಿಲ್ಲ. ಡಾಕ್ಟರ ಭಂಡಾರದಲ್ಲೂ ಅದಿಲ್ಲ. ನಮ್ಮ ಗುಂಪಿನಲ್ಲಿ ಇದ್ದದ್ದು ಒಂದೇ ಪ್ರತಿ, ಕಂಡಕ್ಟರನದು. ಕೊನೆಯ ಪುಟ ತೋರಿಸುವಾಗ ಅವನು ಗುಳ್ಳೆಯ ಮೇಲೆ ಒಂದು ಕಾಗದದ ಚೂರು ಇಟ್ಟೇ ತೋರಿಸುತ್ತಿದ್ದ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನಾವಿಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. “ಏನಪ್ಪಾ ಅದು, ಹೆಂಡತಿ ಕಾಗದ ಇಟ್ಕೊಂಡ ಹಾಗೆ ಮುಚ್ಚಿಡ್ತೀಯಲ್ಲ?”

ಅವನು ನಗಲಿಲ್ಲ. ಚೀಲದಿಂದ ಸಂಚಿಕೆ ತೆಗೆದು, ಚೂರು ಸರಿಸಿ ತೋರಿಸಿದ. ಗುಳ್ಳೆಯೊಳಗೆ ಪೆನ್ಸಿಲಿನಲ್ಲಿ ಮಗುವೊಂದು ಬರೆದಿತ್ತು: ಹೊಟ್ಟೆ ಹಸೀತಿದೆ.

ನನಗೆ ನಗು ತಡೆಯಲಾಗಲಿಲ್ಲ. ಊರನ್ನೆಲ್ಲ ಉಳಿಸಿ, ಮುಖವಾಡ ಕಳಚಿ, ಟ್ಯಾಂಕಿನ ಮೇಲೆ ನಿಂತು ಆ ಮಹಾವೀರ ಹೇಳುತ್ತಿದ್ದಾನೆ, ಹೊಟ್ಟೆ ಹಸೀತಿದೆ! ‘ಹೊ’ ಎಲ್ಲಕ್ಕಿಂತ ದೊಡ್ಡದಾಗಿ ಗುಳ್ಳೆಯ ಗೋಡೆಗೆ ತಾಗಿತ್ತು. ಜಾಗ ಸಾಲದೆ ಆಮೇಲಿನ ಅಕ್ಷರಗಳು ಇಳಿಜಾರಿನಲ್ಲಿ ಜಾರುತ್ತಾ ಸಣ್ಣಗಾಗಿದ್ದವು. ಕೊನೆಯ ‘ದೆ’ ಗೆರೆ ದಾಟಿ ಆಕಾಶಕ್ಕೆ ಹೋಗಿತ್ತು.

“ನನ್ನ ತಮ್ಮ,” ಎಂದ. “ಆಗ ಅವನಿಗೆ ಒಂಬತ್ತು, ನನಗೆ ಹದಿಮೂರು. ಪುಸ್ತಕ ತಂದು ಇನ್ನೂ ಒಂದು ಗಂಟೆ ಆಗಿರಲಿಲ್ಲ ಅಮ್ಮ, ಗೀಚಿಬಿಟ್ಟಿದ್ದ. ಚೆನ್ನಾಗಿ ಹೊಡೆದೆ. ಕಪಾಳಕ್ಕೇ ಬಾರಿಸಿದೆ.”

“ಹುಡುಗರು ಅಂದ್ಮೇಲೆ ಅಷ್ಟೇ ತಾನೇ. ಈಗೆಲ್ಲಿದಾನೆ?”

“ಅದೇ ವರ್ಷ ಹೋಗ್ಬಿಟ್ಟ. ಜ್ವರ. ನಾಲ್ಕೇ ದಿನ.” ಕಾಗದದ ಚೂರನ್ನು ಮತ್ತೆ ಗುಳ್ಳೆಯ ಮೇಲಿಟ್ಟ. “ಅವನ ಕೈಬರಹ ಅಂತ ಇರೋದು ಇದೊಂದೇ. ಪುಸ್ತಕದಲ್ಲಿ ಹೀಗೆ ಗೀಚಿರೋದನ್ನೆಲ್ಲ ಡಾಕ್ಟರು ಡ್ಯಾಮೇಜ್ ಅಂತಾರೆ. ನಂಗೂ ಎಷ್ಟೋ ಸಲ ಹಾಗೇ ಅನ್ಸುತ್ತೆ. ಆಮೇಲೆ ಬೇಜಾರಾಗುತ್ತೆ.”

ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಬಸ್ಸು ಬಂತು. ಈ ಇಡೀ ಊರಲ್ಲಿ ಅವನು ಅದನ್ನು ತೋರಿಸಿದ್ದು ನನಗೊಬ್ಬಳಿಗೇ ಅಂತ ದಾರಿಯುದ್ದಕ್ಕೂ ಅಂದುಕೊಂಡೆ. ಹೆಮ್ಮೆಯಾಯಿತು ಅಂದರೆ ತಪ್ಪಾಗುತ್ತದೇನೋ, ಆದರೂ ಆಯಿತು.

ಸೂಚಿ ಮುಗಿಯುತ್ತಾ ಬಂತು. ಒಂದು ಭಾನುವಾರ ಕಂಡಕ್ಟರ್ ಅದರ ಹಾಳೆಗಳನ್ನು ಹರಡಿಕೊಂಡು ಕೇಳಿದ. “ಅಕ್ಷರ ಬರೆದವರು ಅನ್ನೋ ಕಡೆ ಎಲ್ಲಾದಕ್ಕೂ ಖಾಲಿ ಇದೆ. ಏನು ಹಾಕ್ಲಿ?”

ಬಂತು, ಕೊನೆಗೂ ಬಂತು!

“ಅಕ್ಷರಕ್ಕೇನ್ರೀ,” ಎಂದರು ಡಾಕ್ಟರು, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ. “ಯಾವನೋ ಗುಮಾಸ್ತ ಬರ್ದಿರ್ತಾನೆ. ಆ ಕಾಲಂ ತೆಗೆದ್ಬಿಡಿ.”

ನನಗೆ ಪಿತ್ತ ನೆತ್ತಿಗೇರಿತು. “ಯಾವನೋ ಅಲ್ಲ, ಯಾವಳೋ!” ಎಂದು ಎದ್ದು ನಿಂತೆ. “ಹದಿನೇಳು ವರ್ಷ ಕತ್ತು ಮುರ್ಕೊಂಡು ಬರೆದಿದೀನಿ. ಅವನು ಪಿಸುಗುಟ್ಟಿದ್ರೆ ಸಣ್ಣದು, ಕಿರುಚಿದ್ರೆ ದಪ್ಪ, ಹೆದರಿದ್ರೆ ನಡುಗೋ ಅಕ್ಷರ. ನಿಮ್ಮ ಮಿಂಚುಳ್ಳಿಗೆ ದನಿ ಕೊಟ್ಟೋಳೇ ನಾನು, ಗುಮಾಸ್ತನಂತೆ ಗುಮಾಸ್ತ! ಕೊಡಿ ಇಲ್ಲಿ ಪೆನ್ನು!”

ಅಂಗಡಿಯವರು ಗಾಬರಿಯಲ್ಲಿ ಮೂರು ಪೆನ್ನು ಕೊಟ್ಟರು. ದಪ್ಪ ಮೊನೆಯದನ್ನು ಆರಿಸಿ, ಡಬ್ಬದ ಮೇಲಿನ ರಟ್ಟಿನ ಮೇಲೆ ಬರೆದೆ: ‘ಮಿಂಚುಳ್ಳಿ ಬಂದ ಮೇಲೆ ಹೆದರಿಕೆ ಯಾಕೆ?’ ಕಂಡಕ್ಟರ್ ನಲವತ್ತನೇ ಸಂಚಿಕೆ ತೆಗೆದು ಪಕ್ಕದಲ್ಲಿಟ್ಟ. ಮೂವರೂ ಬಗ್ಗಿ ನೋಡಿದರು. ‘ಳ್ಳಿ’ಯ ಬಾಲ, ‘ಮೇ’ಯ ಹೊಟ್ಟೆ, ಪ್ರಶ್ನೆ ಚಿಹ್ನೆಯ ಕೆಳಗಿನ ಚೌಕದ ಚುಕ್ಕೆ, ಎಲ್ಲ ಒಂದೇ.

ಡಾಕ್ಟರು ಬಿಸ್ಕತ್ತು ನುಂಗಿ ಎದ್ದು ನಿಂತು ಕೈ ಮುಗಿದರು. “ಕ್ಷಮಿಸ್ಬೇಕು ಮೇಡಂ.” ಆಂಟಿ ಹೋಗಿ ಮೇಡಂ ಆದೆ! ಅಂಗಡಿಯವರು ಹೊರಗೆ ಓಡಿ ಹೋಗಿ ಅಂಗಡಿಯ ಬಾಗಿಲೇ ಹಾಕಿಬಂದರು. ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದರು. ಗಡ್ಡದವರು ಹೇಗಿದ್ದರು, ಎಲ್ಲಿ ಕೂರುತ್ತಿದ್ದರು, ನಿಬ್ಬು ಯಾವುದು, ಮಸಿ ಯಾವುದು. ನಾನೂ ಮಾತಾಡಿದೆ, ಕೈ ಬೀಸಿ ಬೀಸಿ ಮಾತಾಡಿದೆ. ಬದುಕಿನಲ್ಲಿ ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಾ ಕೂತದ್ದು ಅದೇ ಮೊದಲು. ಅಷ್ಟು ಜನ ಅಂದರೆ ಮೂರು ಜನ.

ಆಗ ಕಂಡಕ್ಟರ್ ಮೆಲ್ಲಗೆ ಕೇಳಿದ. “ಅಮ್ಮ, ಹಾಗಾದ್ರೆ ಆ ಗುಳ್ಳೆ?”

‘ಬಸ್ಸಿಗೆ ಹೊತ್ತಾಗಿತ್ತಪ್ಪ’ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಆಣೆಯಾಗಿ ಬಂದಿತ್ತು. ಎದುರಿಗಿದ್ದ ಮೂರು ಮುಖ ನೋಡಿದೆ. ಆ ವಿಮೆ ಏಜೆಂಟರು ಲೋಟ ಕೆಳಗಿಟ್ಟು ಎದ್ದು ಹೋದದ್ದು ಕಣ್ಣ ಮುಂದೆ ಬಂತು. ಮನೆಯಲ್ಲಿ ಕಾದಿರುವ ಒಂದು ಕಿಟಕಿ, ಒಂದು ತಟ್ಟೆ, ಒಂದು ಲೋಟ ಬಂತು. ನನಗೆ ಭಯವಾಯಿತು.

“ಬೇಕಂತಲೇ ಬಿಟ್ಟಿದ್ದು,” ಎಂದೆ.

ಡಾಕ್ಟರು “ಆಹಾ” ಎಂದು ಕಣ್ಣು ಮುಚ್ಚಿದರು. ಒಂದು ಸುಳ್ಳು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಹೊಗಳಿಕೆಯ ರುಚಿ ಹತ್ತಿತ್ತಲ್ಲ. “ಗಡ್ಡದವರೂ ನಾನೂ ಕೂತು ಮಾತಾಡ್ಕೊಂಡು ಬಿಟ್ಟಿದ್ದು. ಅವನು ಮುಖವಾಡ ತೆಗೆದಾಯ್ತು, ಇನ್ನು ಮಾತೇನಿದೆ? ಅಲ್ಲಿ ಏನೂ ಇರಬಾರದು. ಒಂದಕ್ಷರ ಬಿದ್ರೂ ಆ ಪುಟ ಕೆಟ್ಟುಹೋಗುತ್ತೆ.” ಗಡ್ಡದವರು ಸತ್ತು ಎಂಟು ವರ್ಷ. ಅಲ್ಲ ಅನ್ನಲು ಯಾರೂ ಬರುವಂತಿರಲಿಲ್ಲ.

ಕಂಡಕ್ಟರ್ ನೋಟ್‌ಬುಕ್ಕಿನಲ್ಲಿ ಅದನ್ನು ಅಕ್ಷರ ಬಿಡದೆ ಬರೆದುಕೊಂಡ. ಅವತ್ತು ಯಾರೂ ಗುಳ್ಳೆ ತುಂಬಿಸಲಿಲ್ಲ. ತುಂಬಿಸುವುದಕ್ಕೆ ಇನ್ನೇನು ಉಳಿದಿತ್ತು!

ಆಮೇಲಿನ ಒಂದು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ. ಡಾಕ್ಟರು ಕಾರು ಕಳಿಸಿ ಕರೆಸಿ ನನ್ನ ಉಳಿದ ಹಲ್ಲುಗಳನ್ನೆಲ್ಲ ತೊಳೆದು ಹೊಳಪು ಮಾಡಿಕೊಟ್ಟರು. ಅಂಗಡಿಯವರು ದಿನಕ್ಕೊಂದು ಪ್ರಶ್ನೆ ಇಟ್ಟುಕೊಂಡು ಫೋನ್ ಮಾಡುತ್ತಿದ್ದರು. ಕಂಡಕ್ಟರ್ ರಜೆಯ ದಿನ ಮನೆಗೇ ಬಂದು, ನನ್ನ ಮೇಜಿನ ಮುಂದೆ ಕೂತು, ಸಂಚಿಕೆ ಸಂಚಿಕೆಗೂ ನನ್ನ ಹೆಸರನ್ನು ತುಂಬಿಸಿದ. ನೂರ ಹನ್ನೆರಡು ಸಲ ಬರೆದ. ನಾನು ಟೀ ಮಾಡಿಕೊಟ್ಟೆ. ಮನೆಯಲ್ಲಿ ಎರಡನೆಯ ಲೋಟ ಇದ್ದದ್ದು ಒಳ್ಳೆಯದಾಯಿತು.

ಪುಸ್ತಕ ಅಚ್ಚಾಗಿ ಬಂದ ಭಾನುವಾರ ಮೊದಲ ಪ್ರತಿಯನ್ನು ನನ್ನ ಕೈಗೇ ಕೊಟ್ಟ. ಹೊಸ ಕಾಗದದ ವಾಸನೆ. ತಿರುವಿದಲ್ಲೆಲ್ಲ ನನ್ನ ಹೆಸರು. ಕೊನೆಗೆ ಬಂದೆ. ಕೊನೆಯ ಪುಟದ ತುಂಬ ಒಂದೇ ಚಿತ್ರ, ಟ್ಯಾಂಕಿನ ಮೇಲೆ ಮಿಂಚುಳ್ಳಿ. ಗುಳ್ಳೆ ಬರೀ ಬಿಳಿ. ಕೆಳಗೆ ನನ್ನ ಮಾತು: ‘ಅಲ್ಲಿ ಏನೂ ಇರಬಾರದು. ಒಂದಕ್ಷರ ಬಿದ್ರೂ ಆ ಪುಟ ಕೆಟ್ಟುಹೋಗುತ್ತೆ.’

ಆ ಬಿಳಿಯ ಮೇಲೆ ಬೆರಳಿಟ್ಟು ಕೇಳಿದೆ. “ಇದು ಎಲ್ಲಿಂದ ಸಿಕ್ತು? ಬೇರೆ ಪ್ರತಿ ಸಿಕ್ತಾ?”

“ಇಲ್ಲಮ್ಮ, ನಂದೇ. ಅಳಿಸ್ದೆ.”

“ಏನು ಅಳಿಸ್ದೆ?”

“ಅದೇ,” ಎಂದು ದನಿ ತಗ್ಗಿಸಿದ. “ಪುಸ್ತಕಕ್ಕೆ ಪುಟ ನೀವು ಬಿಟ್ಟ ಹಾಗೇ ಬರಬೇಕಲ್ಲ. ಡಾಕ್ಟರು ಒಳ್ಳೇ ರಬ್ಬರ್ ಕೊಟ್ರು. ಎರಡು ದಿನ ಮೇಲೆ ಭಾರ ಇಟ್ಟು ಆಮೇಲೆ ಫೋಟೋ ತೆಗೆದ್ವಿ. ಗುರ್ತೇ ಇಲ್ಲ, ನೋಡಿ.” ಅವನ ಮುಖದಲ್ಲಿ ಒಂದು ಥರದ ಹಗುರ ಇತ್ತು. “ಮೊದಲು ಕೈ ಬರ್ಲಿಲ್ಲ ಅಮ್ಮ. ಆಮೇಲೆ ನೀವು ಹೇಳಿದ್ದು ನೆನಪಾಯ್ತು. ಇಷ್ಟು ವರ್ಷ ಅವನಿಗೆ ಹೊಡೆದೆನಲ್ಲಾ ಅಂತ ಕೊರಗ್ತಿದ್ದೆ. ಈಗ ನೋಡಿದ್ರೆ ಅವತ್ತು ನಾನು ಸಿಟ್ಟು ಮಾಡ್ಕೊಂಡಿದ್ದು ಪೂರ್ತಿ ತಪ್ಪೇನಲ್ಲ, ಅಲ್ವಾ? ಅವನು ನಿಜವಾಗ್ಲೂ ಕೆಡಿಸಿದ್ದ.”

ಡಾಕ್ಟರು ಚಪ್ಪಾಳೆ ತಟ್ಟುತ್ತಿದ್ದರು. ಅಂಗಡಿಯವರು ಫೋಟೋ ತೆಗೆದರು. ಅದರಲ್ಲಿ ನಾನು ಹೇಗೆ ಕಾಣುತ್ತೇನೋ ನೋಡುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಬಸ್ ಸ್ಟಾಪಿನಲ್ಲಿ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಸತ್ತ ಮಗು ಕಪಾಳಕ್ಕೆ ತಿಂದ ಏಟು ಸರಿಯಾದದ್ದೇ ಅಂತ ನನ್ನ ಸುಳ್ಳು ಸಾಕ್ಷಿ ಹೇಳುತ್ತಿತ್ತು. ಅದೊಂದನ್ನು ಹೊತ್ತುಕೊಂಡು ಮನೆಗೆ ಹೋಗುವಷ್ಟು ಕೆಟ್ಟವಳಲ್ಲ ನಾನು. “ನೋಡಪ್ಪ,” ಎಂದೆ, “ನಾನು ಅವತ್ತು ಸುಳ್ಳು ಹೇಳಿದೆ. ಬೇಕಂತ ಬಿಟ್ಟಿದ್ದಲ್ಲ ಅದು. ಮರೆತೆ. ಐದು ನಲವತ್ತರ ಬಸ್ಸಿಗೆ ಹೊತ್ತಾಗಿತ್ತು, ಆತುರದಲ್ಲಿ ಮರೆತುಬಿಟ್ಟೆ. ಏನೂ ಕೆಟ್ಟಿರಲಿಲ್ಲ. ನಿನ್ನ ತಮ್ಮ ಏನೂ ಕೆಡಿಸಿರಲಿಲ್ಲ.”

ಅವನು ಹೆಗಲ ಚೀಲ ಕೆಳಗಿಳಿಸಿದ.

“ಬಸ್ಸಿಗಾ?”

“ಹೂಂ.”

“ಹಾಗಾದ್ರೆ ಅಳಿಸ್ಬೇಕಾಗಿರ್ಲಿಲ್ಲ,” ಎಂದ.

ಬೈದಿದ್ದರೆ ಚೆನ್ನಾಗಿತ್ತು. ಮುದಿಗೂಬೆ ಅಂದಿದ್ದರೂ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೆ. ಅವನು ಚೀಲದಿಂದ ಸಂಚಿಕೆ ತೆಗೆದು ನನ್ನ ಕೈಗಿಟ್ಟ. “ನೀವು ಅದನ್ನ ನೋಡಿದೀರಲ್ಲ ಅಮ್ಮ. ನಾನು ದಿನಾ ನೋಡ್ತಿದ್ದೆ, ಆದ್ರೆ ಅದೇ ಥರ ಬರೆಯೋಕೆ ನಂಗೆ ಬರಲ್ಲ. ನಿಮಗೆ ಅಕ್ಷರ ನೆನಪಿರುತ್ತೆ. ಹಾಗೇ ಬರೆದು ಕೊಡ್ತೀರಾ?”

ಕೊಡುತ್ತೇನೆ ಅಂದೆ. ಇನ್ನೇನು ಅನ್ನಲಿ?

ಮನೆಗೆ ಬಂದು ಮೊದಲು ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕಾಗದದಲ್ಲಿ ಪೆನ್ಸಿಲಿನ ಗುಳಿ ಉಳಿದಿದ್ದರೆ ಅದರ ಮೇಲೇ ತಿದ್ದಬಹುದಲ್ಲ ಅಂತ. ಮಗುವಿನ ಹಗುರ ಕೈ, ಮೇಲೆ ಎರಡು ದಿನದ ಭಾರ, ಏನೂ ಉಳಿದಿರಲಿಲ್ಲ. ಸರಿ, ನೆನಪಿನಿಂದಲೇ ಬರೆಯೋಣ ಅಂತ ಬೇರೆ ಹಾಳೆಗಳಲ್ಲಿ ಅಷ್ಟೇ ಅಳತೆಯ ಗುಳ್ಳೆ ಸುತ್ತಿಕೊಂಡು ಕೂತೆ. ಯಾವ ಅಕ್ಷರ ಎಲ್ಲಿತ್ತು ಅನ್ನುವುದು ಒಂದೂ ಮರೆತಿರಲಿಲ್ಲ. ‘ಹೊ’ ಗೋಡೆಗೆ ತಾಗಬೇಕು, ತಾಗಿಸಿದೆ. ಸಾಲು ಜಾರಬೇಕು, ಜಾರಿಸಿದೆ. ‘ದೆ’ ಗೆರೆ ದಾಟಬೇಕು, ದಾಟಿಸಿದೆ. ನೋಡಿದರೆ ನಾಟಕದಲ್ಲಿ ದೊಡ್ಡವರು ಮಗುವಿನ ದನಿಯಲ್ಲಿ ಮಾತಾಡಿದ ಹಾಗಿತ್ತು. ಎಡಗೈಯಲ್ಲಿ ಬರೆದೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಬರೆದೆ. ಕಣ್ಣು ಮುಚ್ಚಿಕೊಂಡೂ ಬರೆದೆ. ಎಷ್ಟೇ ವಕ್ರ ಮಾಡಲಿ, ಎಲ್ಲೋ ಒಂದು ಸುಳಿ ನೆಟ್ಟಗೆ, ಅಂದವಾಗಿ ಬಂದುಬಿಡುತ್ತಿತ್ತು. ಆ ಹುಡುಗ ಅಕ್ಷರ ಚೆಂದ ಮಾಡಲು ಹೋಗಿರಲಿಲ್ಲ, ಅವನಿಗೆ ನಿಜವಾಗಿ ಹಸಿವಾಗಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಬರೆದೆ. ಮೇಜಿನ ತುಂಬ, ಹಾಸಿಗೆಯ ತುಂಬ ಹಾಳೆ. ಎಲ್ಲದರಲ್ಲೂ ನನ್ನ ಅಕ್ಷರವೇ.

ಶನಿವಾರ ಬೆಳಗ್ಗೆ ಫೋನ್ ಮಾಡಿದೆ. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು.

“ಬರ್ಲಿಲ್ಲಪ್ಪ ನನ್ನ ಕೈಗೆ,” ಎಂದೆ. “ಸುಳ್ಳು ಹೇಳಲ್ಲ ನಿಂಗೆ, ಎಷ್ಟು ಬರೆದ್ರೂ ಅವನದಾಗ್ಲಿಲ್ಲ. ಪುಟ ಹಾಗೇ ಇಟ್ಟಿದೀನಿ, ಮುಟ್ಟಿಲ್ಲ. ನಾಳೆ ತರ್ತೀನಿ.”

“ಪರವಾಗಿಲ್ಲ ಅಮ್ಮ.” ಯಾರಿಗೋ ಮುಂದೆ ಸರಿಯಲು ಹೇಳಿದ. ಸೀಟಿ ಊದಿದ. “ನಾಳೆ ನಾನು ಬರಲ್ಲ. ಇನ್ಮೇಲೆ ಭಾನುವಾರಾನೂ ಡ್ಯೂಟಿ ಹಾಕಿಸ್ಕೊಂಡಿದೀನಿ.”

“ಡಾಕ್ಟರಿಗೆಲ್ಲ ಹೇಳಿದ್ಯಾ? ಆ ಬಸ್ಸಿನ ವಿಷಯ?”

“ಇಲ್ಲ. ಅವರಿಗ್ಯಾಕೆ. ನಿಮ್ಮನ್ನ ನೋಡೋಕೆ ನಾಳೆ ಇನ್ನೂ ನಾಲ್ಕೈದು ಜನ ಬರ್ತಾರಂತೆ, ಹೋಗಿ.”

“ಮತ್ತೆ ನಿನ್ನ ಸಂಚಿಕೆ? ಎಲ್ಲಿ ತಂದು ಕೊಡ್ಲಿ?”

ಆ ಕಡೆ ಬಸ್ಸು ಹೊರಟಿತು. ಕಡಿದೇಹೋಯಿತೇನೋ ಅಂದುಕೊಂಡೆ. ಆಮೇಲೆ ಅವನ ದನಿ ಬಂತು. ಸಿಟ್ಟಿನ ದನಿಯಲ್ಲ, ಪ್ರಯಾಣಿಕರಿಗೆ ದಾರಿ ಹೇಳುವಾಗ ಇರುತ್ತದಲ್ಲ, ಆ ದನಿ.

“ನಿಮ್ಮ ಹತ್ರಾನೇ ಇರ್ಲಿ ಅಮ್ಮ. ಅದರಲ್ಲಿ ಈಗ ನಿಮ್ಮದು ಬಿಟ್ರೆ ಯಾರದೂ ಇಲ್ಲ.”